ಟಿಫನಿ ಗುಲಾಬಿಯ ಪರಿಮಳ ಎಲ್ಲಿ ಹೋಯಿತು?

ಪ್ರಶ್ನೆ: ಮೂರು ವರ್ಷದ ಹಿಂದೆ ಟಿಫನಿ ಗುಲಾಬಿಯ ಕಸಿ ಗಿಡವೊಂದನ್ನು ತಂದು ಕುಂಡದಲ್ಲಿ ನೆಟ್ಟೆ. ತಂದದ್ದೇ ಪರಿಮಳಕ್ಕಾಗಿ. ಮೊದಲ ವರ್ಷ ಒಂದು ಹೂ ಅರಳಿದರೂ ಬಾಗಿಲು ದಾಟುವಾಗಲೇ ತಿಳಿಯುತ್ತಿತ್ತು. ಈಗ ಗಿಡ ನನ್ನ ಭುಜದೆತ್ತರಕ್ಕೆ ಕೋಲಿನ ಹಾಗೆ ಬೆಳೆದು ತುದಿಯಲ್ಲಿ ಮಾತ್ರ ಹೂ ಬಿಡುತ್ತದೆ. ಬಣ್ಣ ಪೇಲವ, ಎಸಳಿನ ಅಂಚು ಕಂದು. ಕೆಳಗಿನ ಎಲೆಗಳೆಲ್ಲ ಕಪ್ಪು ಚುಕ್ಕೆ ಬಂದು ಉದುರಿವೆ. ಸಂಜೆ ಕೆಲಸ ಮುಗಿಸಿ ಬಂದು ಮೂಸಿದರೆ ಪರಿಮಳ ಇದೆಯೋ ಇಲ್ಲವೋ ಎಂಬ ಅನುಮಾನ. ಅತ್ತೆಯವರು ಮಾತ್ರ ಬೆಳಿಗ್ಗೆ 'ಘಮ್ಮೆನ್ನುತ್ತಿದೆಯಲ್ಲ' ಎನ್ನುತ್ತಾರೆ. ನನ್ನ ಸಮಾಧಾನಕ್ಕೆ ಹೇಳುತ್ತಾರೇನೋ. ಪರಿಚಿತರೊಬ್ಬರು ಕಸಿ ತಿರುಗಿ ಕಾಡುಗುಲಾಬಿಯಾಗಿದೆ ಎಂದರು. ಇನ್ನೊಬ್ಬರು ಪಕ್ಕದ ಕುಂಡದಲ್ಲಿರುವ ವಾಸನೆಯಿಲ್ಲದ ಕೆಂಪು ಗುಲಾಬಿಯ ಪರಾಗ ಬಿದ್ದು ಹೀಗಾಗಿದೆ ಎಂದರು. ಸಕ್ಕರೆ ನೀರು ಹಾಕಿ ಎಂದವರೂ ಇದ್ದಾರೆ. ಬುಡದವರೆಗೆ ಕತ್ತರಿಸಲೇ, ಕಿತ್ತು ಬೇರೆ ನೆಡಲೇ? ಪರಿಮಳ ಮರಳುವುದುಂಟೇ?

ಉತ್ತರ: ಮೊದಲು ನಿಮ್ಮ ಅತ್ತೆಯವರ ಮಾತನ್ನು ನಂಬಿ. ನೀವು ಬರೆದ ಅಷ್ಟರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಸುಳಿವು ಅವರದೇ. ಒಂದೇ ಗಿಡದ ಹೂ ಬೆಳಿಗ್ಗೆ ಒಬ್ಬರಿಗೆ ಘಮ್ಮೆಂದು, ಸಂಜೆ ಇನ್ನೊಬ್ಬರಿಗೆ ಸಪ್ಪೆಯಾದರೆ ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ ಎಂದು ಅರ್ಥ.

ನಿಮ್ಮ ಪ್ರಶ್ನೆಯಲ್ಲಿ ಎರಡು ಸಮಸ್ಯೆಗಳು ಹೆಣೆದುಕೊಂಡಿವೆ. ನೀವು ಮೂಸುವ ಹೊತ್ತು ಸರಿಯಿಲ್ಲ, ಇದು ಒಂದು. ಗಿಡ ಸೊರಗಿದೆ, ಇದು ಇನ್ನೊಂದು. ಮೊದಲನೆಯದಕ್ಕೆ ಖರ್ಚಿಲ್ಲ, ನಾಳೆಯೇ ಸರಿಪಡಿಸಬಹುದು. ಎರಡನೆಯದಕ್ಕೆ ನಾಲ್ಕೈದು ತಿಂಗಳ ತಾಳ್ಮೆ ಬೇಕು. ಕಿತ್ತೆಸೆಯುವಂಥದ್ದು ಏನೂ ಆಗಿಲ್ಲ.

ಕೇಳಿದ ಮಾತುಗಳನ್ನು ಮೊದಲು ವಿಲೇವಾರಿ ಮಾಡಿಬಿಡೋಣ. ಕಸಿ ತಿರುಗುವುದು ಎಂಬುದೊಂದಿಲ್ಲ. ಕಸಿ ಗಿಡವೆಂದರೆ ಒಂದರ ಮೇಲೊಂದು ಕೂತ ಎರಡು ಗಿಡ: ಬೇರು ಒಂದರದು, ಮೈ ಇನ್ನೊಂದರದು. ಬೇರುಗಿಡ ನೀರು, ಗೊಬ್ಬರ ಏರಿಸಿಕೊಡುತ್ತದೆ, ಹುರುಪನ್ನೂ ಕೊಡುತ್ತದೆ. ಆದರೆ ಎಸಳಿನಲ್ಲಿ ಎಂಥ ಪರಿಮಳ ತಯಾರಾಗಬೇಕು ಎಂಬುದರಲ್ಲಿ ಅದರ ಮಾತು ನಡೆಯುವುದಿಲ್ಲ. ಜನ 'ತಿರುಗಿತು' ಎನ್ನುವುದು ಬೇರೆಯೇ ಒಂದು ಘಟನೆಗೆ. ಕಸಿ ಗಂಟಿನ ಕೆಳಗಿನಿಂದ ಬೇರುಗಿಡದ ಚಿಗುರು ಎದ್ದು, ಮೇಲಿನ ಗಿಡವನ್ನು ಹಿಂದಿಕ್ಕಿ ಬೆಳೆದು, ಒಂದೆರಡು ವರ್ಷದಲ್ಲಿ ಟಿಫನಿ ಸತ್ತು ಅದೊಂದೇ ಉಳಿಯುತ್ತದೆ. ಆಗ ಬರುವ ಹೂ ಪೇಲವವಾದ ಟಿಫನಿಯಾಗಿರುವುದಿಲ್ಲ, ಪೂರ್ತಿ ಬೇರೆ ಹೂವೇ ಆಗಿರುತ್ತದೆ: ಚಿಕ್ಕದು, ಸಾಮಾನ್ಯವಾಗಿ ಗೊಂಚಲು. ನಿಮ್ಮಲ್ಲಿ ಹೂವಿನ ಆಕಾರ ಬದಲಾಗಿಲ್ಲ, ಬಣ್ಣ ತೆಳುವಾಗಿದೆ ಅಷ್ಟೇ. ಹಾಗಾಗಿ ಆ ಭಯ ಬೇಡ.

ಆದರೂ ಬುಡದ ಮಣ್ಣನ್ನು ಕೈಯಿಂದ ಸರಿಸಿ ಒಮ್ಮೆ ನೋಡಿ. ಉಬ್ಬಿದ ಗಂಟು ಕಾಣುತ್ತದೆ. ಅದರ ಕೆಳಗಿನಿಂದ ಹೊರಟ ಚಿಗುರಿದ್ದರೆ ಕತ್ತರಿ ಹಾಕಬೇಡಿ. ಹಿಡಿದು ಕೆಳಕ್ಕೆ ಜಗ್ಗಿ ಕಿತ್ತುಹಾಕಿ. ಕತ್ತರಿಸಿದರೆ ಬುಡದಲ್ಲಿ ಉಳಿದ ಕಣ್ಣುಗಳಿಂದ ಒಂದರ ಜಾಗದಲ್ಲಿ ಮೂರು ಏಳುತ್ತವೆ. ಎಲೆ ಎಣಿಸಿ ತೀರ್ಮಾನಿಸುವ ಪದ್ಧತಿಯೊಂದಿದೆ: ಐದೆಲೆಯಾದರೆ ಊರಿನದು, ಏಳೆಲೆಯಾದರೆ ಕಾಡಿನದು. ಅದನ್ನು ನೆಚ್ಚಬೇಡಿ. ನಿಮ್ಮ ಟಿಫನಿ ಸೇರಿದ ಹೈಬ್ರಿಡ್ ಟೀ ಎಂಬ ಮಿಶ್ರತಳಿ ಗುಂಪಿನ ಗಿಡಗಳ ಹುರುಪಿನ ಕೊಂಬೆಗಳಲ್ಲೂ ಏಳೆಲೆ ಬರುತ್ತದೆ. ಕಸಿ ಕಲಿಯುತ್ತಿದ್ದ ಕಾಲದಲ್ಲಿ ನಾನೇ ಏಳೆಲೆ ಎಣಿಸಿ, ಹೆಬ್ಬೆರಳಿನ ದಪ್ಪದ ಒಳ್ಳೆಯ ಕೊಂಬೆಯೊಂದನ್ನು ಬುಡಸಮೇತ ಕಿತ್ತು, ಕೈಯಲ್ಲಿ ಹಿಡಿದು ನೋಡಿದ ಮೇಲೆ ಅದು ಗಂಟಿನ ಮೇಲಿನದೆಂದು ತಿಳಿದು ತಲೆ ಚಚ್ಚಿಕೊಂಡಿದ್ದೇನೆ.

ಪರಾಗದ ಮಾತು ಇನ್ನೂ ಸುಲಭ. ಪಕ್ಕದ ಗಿಡದ ಪರಾಗ ಬಿದ್ದರೆ ಬೀಜದೊಳಗಿನ ಸಂತಾನ ಬದಲಾಗುತ್ತದೆ, ಆಗಲೇ ಅರಳಿರುವ ಎಸಳು ಬದಲಾಗುವುದಿಲ್ಲ. ಸಕ್ಕರೆ ನೀರಂತೂ ಇರುವೆಗೂ ಮಣ್ಣಿನ ಬೂಷ್ಟಿಗೂ ಊಟ. ಗಿಡ ತನಗೆ ಬೇಕಾದ ಸಕ್ಕರೆಯನ್ನು ಎಲೆಯಲ್ಲಿ ತಾನೇ ಮಾಡಿಕೊಳ್ಳುತ್ತದೆ. ಈ 'ಎಲೆಯಲ್ಲಿ' ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

'ಹೈಬ್ರಿಡ್ ಎಂದಮೇಲೆ ವಾಸನೆ ಎಲ್ಲಿಂದ ಬರಬೇಕು' ಎಂದು ಯಾರಾದರೂ ಹೇಳಿಯೇ ಇರುತ್ತಾರೆ. ಹೈಬ್ರಿಡ್ ಟೀ ಗುಂಪಿನ ಮೊದಲ ಗಿಡವೆಂದು ಸಾಮಾನ್ಯವಾಗಿ ಒಪ್ಪಿರುವ 'ಲಾ ಫ್ರಾನ್ಸ್' 1867ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಗಿಯೋ ಎಂಬ ಸಸಿಗಾರರ ತೋಟದಿಂದ ಬಂದದ್ದು. ಅದೂ ನಸುಗೆಂಪು, ಅದೂ ಚೆನ್ನಾಗಿ ಪರಿಮಳಿಸುವುದು. ಗುಂಪಿನ ಮೂಲದಲ್ಲೇ ಪರಿಮಳವಿತ್ತು. ಆಮೇಲೆ ಅದು ಅಲ್ಲಲ್ಲಿ ಕಳೆದುಹೋದದ್ದು ಬಣ್ಣ, ಉದ್ದ ದಂಟು, ಹೂದಾನಿಯಲ್ಲಿ ಬಾಳಿಕೆ ಇವುಗಳ ಹಿಂದೆ ಬಿದ್ದ ಆಯ್ಕೆಯಿಂದ; ಮೂಗಿನಿಂದ ಆರಿಸಿದವರು ಕಡಿಮೆ.

ಟಿಫನಿಯನ್ನು ಮಾತ್ರ ಮೂಗಿನಿಂದಲೂ ಆರಿಸಿದ್ದಾರೆ. ಅಮೆರಿಕದ ರಾಬರ್ಟ್ ಲಿಂಡ್‌ಕ್ವಿಸ್ಟ್ 'ಷಾರ್ಲಟ್ ಆರ್ಮ್‌ಸ್ಟ್ರಾಂಗ್' ಎಂಬ ತಾಯಿಗೆ 'ಜಿರೋನಾ' ಎಂಬ ತಂದೆಯನ್ನು ಕೂಡಿಸಿ ಪಡೆದ ಗಿಡ ಇದು. 1954ರಲ್ಲಿ ಹೊರಬಂತು, 1955ರಲ್ಲಿ ಆಲ್-ಅಮೆರಿಕಾ ರೋಸ್ ಸೆಲೆಕ್ಷನ್ಸ್ ಪ್ರಶಸ್ತಿ ಪಡೆಯಿತು. ತಾಯಿಯ ತಂದೆ 'ಕ್ರಿಮ್ಸನ್ ಗ್ಲೋರಿ', 1935ರ ಜರ್ಮನಿಯ ಕೋರ್ಡೆಸ್ ತಳಿ, ಕಡುಗೆಂಪು, ಪರಿಮಳಕ್ಕೆ ಹೆಸರಾದದ್ದು. ಪರಿಮಳಕ್ಕೆಂದೇ ಅಮೆರಿಕನ್ ರೋಸ್ ಸೊಸೈಟಿ ಕೊಡುವ ಗ್ಯಾಂಬಲ್ ಪ್ರಶಸ್ತಿ 1961ರಲ್ಲಿ ಅಜ್ಜನಿಗೆ ಸಿಕ್ಕಿತು, 1962ರಲ್ಲಿ ಮೊಮ್ಮಗಳಾದ ಟಿಫನಿಗೆ.

ಆದರೆ ವಂಶ ಒಂದನ್ನೇ ನೆಚ್ಚುವಂತಿಲ್ಲ. 'ಕ್ವೀನ್ ಎಲಿಜಬೆತ್' ಎಂಬ ಗುಲಾಬಿಗೂ ಅದೇ ಷಾರ್ಲಟ್ ಆರ್ಮ್‌ಸ್ಟ್ರಾಂಗ್ ತಾಯಿ. ಅದೂ 1954ರದೇ, ಅದಕ್ಕೂ 1955ರಲ್ಲಿ ಅದೇ ಪ್ರಶಸ್ತಿ. ಗಟ್ಟಿ ಗಿಡ, ಹೂ ಬಿಡುವುದರಲ್ಲಿ ಧಾರಾಳ, 1978ರಲ್ಲಿ ಜಗತ್ತಿನ ಅಚ್ಚುಮೆಚ್ಚಿನ ಗುಲಾಬಿಗಳ ಸಾಲಿಗೆ ಸೇರಿತು. ಪರಿಮಳ ಮಾತ್ರ ಅಷ್ಟಕ್ಕಷ್ಟೇ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬಳಿಗೆ ಕಂಠ, ಇನ್ನೊಬ್ಬಳಿಗೆ ಮೈಕಟ್ಟು ಬಂದ ಹಾಗೆ. ಎರಡೂ ನಸುಗೆಂಪಾದ್ದರಿಂದ ಚೀಟಿ ಬದಲಾಗಿ ಒಂದರ ಹೆಸರಿನಲ್ಲಿ ಇನ್ನೊಂದು ಕೈಸೇರುವುದೂ ಉಂಟು. ಟಿಫನಿಯ ಗುರುತು: ಉದ್ದನೆಯ ಚೂಪು ಮೊಗ್ಗು, 25ರಿಂದ 30 ಎಸಳು, ಬಹುಪಾಲು ಒಂದು ದಂಟಿಗೆ ಒಂದೇ ಹೂ. ಎಸಳೊಂದನ್ನು ಕಿತ್ತು ಬುಡ ನೋಡಿದರೆ ಅಲ್ಲಿ ಹಳದಿ ಛಾಯೆ. ಆ ಹಳದಿಯೇ ಹೂವಿಗೆ ಒಳಗಿನಿಂದ ಬೆಳಕು ಹಚ್ಚಿದಂಥ ಕಳೆ ಕೊಡುವುದು. ಕ್ವೀನ್ ಎಲಿಜಬೆತ್ ಗೊಂಚಲಾಗಿ ಬಿಡುತ್ತದೆ, ಮುಳ್ಳೂ ಕಡಿಮೆ. ನಿಮ್ಮ ಗಿಡ ಮೊದಲ ವರ್ಷ ಬಾಗಿಲಿನವರೆಗೆ ಪರಿಮಳ ಕಳುಹಿಸಿದೆ ಎಂದಮೇಲೆ ಚೀಟಿ ತಪ್ಪಿರುವ ಸಾಧ್ಯತೆ ಇಲ್ಲವೆಂದೇ ಹೇಳಬೇಕು.

ಇನ್ನು ಪರಿಮಳದ ವಿಚಾರ. ನಾವು ಅದನ್ನು ಬಣ್ಣದ ಹಾಗೆ ಎಸಳಿಗೆ ಬಳಿದಿರುವ ಗುಣವೆಂದು ಭಾವಿಸುತ್ತೇವೆ. ಬಣ್ಣ ಒಮ್ಮೆ ತುಂಬಿದರೆ ಕೆಲವು ದಿನ ಅಲ್ಲೇ ಕೂತಿರುತ್ತದೆ. ಪರಿಮಳ ಹಾಗೆ ಕೂರುವುದಿಲ್ಲ. ಅದು ಗಿಡ ಹೊತ್ತು ಹೊತ್ತಿಗೆ ಮಾಡುವ ಕೆಲಸ: ಎಸಳಿನ ಹೊರಪದರದ ಜೀವಕೋಶಗಳು ಜೆರಾನಿಯಾಲ್, ಸಿಟ್ರೊನೆಲ್ಲಾಲ್, ಫೀನೈಲ್ ಎಥನಾಲ್ ಮುಂತಾದ ಆವಿಯಾಗುವ ವಸ್ತುಗಳನ್ನು ತಯಾರಿಸಿ ಗಾಳಿಗೆ ಬಿಡುತ್ತಲೇ ಇರುತ್ತವೆ. ಎಸಳಿನ ಮೇಲೆ ಬೆರಳಾಡಿಸಿದಾಗ ಮಖಮಲ್ಲಿನಂತೆ ಅನ್ನಿಸುತ್ತದಲ್ಲ, ಶಂಕುವಿನಾಕಾರದ ಆ ಜೀವಕೋಶಗಳ ಪದರವೂ ಪರಿಮಳ ಹೊರಡಿಸುತ್ತದೆ. ತಯಾರಿಕೆ ನಿಂತರೆ ಪರಿಮಳವೂ ನಿಲ್ಲುತ್ತದೆ. ತಯಾರಿಕೆಗಿಂತ ವೇಗವಾಗಿ ಆವಿಯಾದರೆ ಹೂ ಬರಿದಾಗುತ್ತದೆ.

ಕೆಲವು ಗುಲಾಬಿಗಳಿಗೆ ಈ ಕೆಲಸವೇ ಬಾರದು. 2015ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಪರಿಮಳದ 'ಪಾಪಾ ಮೆಯಾಂ' ಮತ್ತು ಪರಿಮಳವಿಲ್ಲದ 'ರೂಜ್ ಮೆಯಾಂ' ತಳಿಗಳನ್ನು ಹೋಲಿಸಿ, ಜೆರಾನಿಯಾಲ್ ತಯಾರಿಕೆಗೆ ಬೇಕಾದ ಒಂದು ಕಿಣ್ವವನ್ನು ಗುರುತಿಸಿದರು. ಪರಿಮಳದ ತಳಿಯಲ್ಲಿ ಆ ಕಿಣ್ವದ ಜೀನು ಜೋರಾಗಿ ಕೆಲಸ ಮಾಡುತ್ತಿತ್ತು, ಇನ್ನೊಂದರಲ್ಲಿ ಸುಮ್ಮನಿತ್ತು. ನಿಮ್ಮ ಪಕ್ಕದ ಕುಂಡದ ಕೆಂಪು ಗುಲಾಬಿಗೆ ಏನು ಗೊಬ್ಬರ ಹಾಕಿದರೂ ಘಮ ಬರದಿರುವುದಕ್ಕೆ ಇಂಥ ಕಾರಣವಿರಬಹುದು. ಟಿಫನಿಗೆ ಕೆಲಸ ಗೊತ್ತಿದೆ. ಅನುಕೂಲವಿದ್ದರೆ ಮಾಡುತ್ತದೆ.

ಅನುಕೂಲವೆಂದರೆ ಏನು? ಬೆಳಕು, ಬೆಚ್ಚನೆ ಹವೆ, ಗಾಳಿಯಲ್ಲಿ ಸ್ವಲ್ಪ ತೇವ, ಬೀಸುಗಾಳಿ ಇಲ್ಲದಿರುವುದು. ಇಷ್ಟೂ ಒಟ್ಟಿಗೆ ಕೂಡಿಬರುವುದು ಸಾಮಾನ್ಯವಾಗಿ ಬೆಳಗಿನ ಎಂಟರಿಂದ ಹತ್ತು-ಹನ್ನೊಂದರವರೆಗೆ. ಮುಂಜಾನೆಯ ಚಳಿಯಲ್ಲಿ ಹೂ ಬಾಯಿಬಿಡುವುದಿಲ್ಲ. ಬಿರುಬಿಸಿಲಿನ ಮಧ್ಯಾಹ್ನ ಇದ್ದದ್ದೆಲ್ಲ ಆವಿಯಾಗಿ ಗಾಳಿಗೆ ಹೋಗಿಬಿಡುತ್ತದೆ. ನೀವು ಸಂಜೆ ಬರುವ ಹೊತ್ತಿಗೆ ಸಂತೆ ಮುಗಿದಿರುತ್ತದೆ.

ಹೂವಿನ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಬಿಗಿಮೊಗ್ಗಿನಲ್ಲಿ ಪರಿಮಳ ಅಲ್ಪ. ಹೊರಗಿನ ಎಸಳು ಬಿಚ್ಚಿ ನಡುವಿನ ಸುರುಳಿ ಇನ್ನೂ ಬಿಗಿಯಾಗಿರುವ ಅರೆಬಿರಿದ ಹಂತದಲ್ಲಿ ಅದು ಉತ್ತುಂಗದಲ್ಲಿರುತ್ತದೆ. ಕೇಸರ ಕಾಣುವಷ್ಟು ಅರಳಿದ ಹೂ ನೋಡಲು ಚೆಂದ, ಮೂಸಲು ತಡವಾಯಿತು. ಮೂಸುವುದಕ್ಕೂ ಒಂದು ಕ್ರಮವಿದೆ: ಅಂಗೈಯನ್ನು ಬೊಗಸೆ ಮಾಡಿ ಹೂವನ್ನು ಅರೆನಿಮಿಷ ಮುಚ್ಚಿಡಿ, ಬಾಯಿಯ ಬಿಸಿಯುಸಿರನ್ನು ಮೆಲ್ಲಗೆ ಒಂದು ಸಲ ಬಿಡಿ, ಆಮೇಲೆ ಮೂಗು ಹಿಡಿಯಿರಿ. ತಂಪು ದಿನದಲ್ಲೂ ಪರಿಮಳವಿದ್ದರೆ ಹೊರಬರುತ್ತದೆ.

ಮೂಗಿನ ಮಾತನ್ನೂ ಹೇಳಬೇಕು. ಒಂದೇ ವಾಸನೆಯನ್ನು ಎಡೆಬಿಡದೆ ಎಳೆದುಕೊಂಡರೆ ಮೂಗು ಕೆಲವೇ ನಿಮಿಷದಲ್ಲಿ ಅದಕ್ಕೆ ಕಿವುಡಾಗುತ್ತದೆ. ಮೂರನೆಯ ಸಲ ಮೂಸಿದಾಗ 'ಹೋಯಿತು' ಅನ್ನಿಸುವುದು ಅದಕ್ಕೇ. ಹುಟ್ಟಿನಿಂದಲೇ ಕೆಲವರಿಗೆ ಕೆಲವು ವಾಸನೆಗಳು ತಿಳಿಯುವುದಿಲ್ಲ. ಗುಲಾಬಿಗಳಲ್ಲಿ ಕಾಣುವ ಬೀಟಾ ಅಯೊನೋನ್ ಎಂಬ ಘಟಕವನ್ನು ಒಂದು ಜೀನಿನ ವ್ಯತ್ಯಾಸದಿಂದ ಬಹಳ ಜನ ಗ್ರಹಿಸಲಾರರು. ಜೋರು ನೆಗಡಿ, ಜ್ವರ ಬಂದುಹೋದ ಮೇಲೆ ತಿಂಗಳುಗಟ್ಟಲೆ ಮೂಗು ಮಂಕಾಗುವುದೂ ಇದೆ. ನಿಮಗೆ ಬೇರೆ ಹೂಗಳ ವಾಸನೆಯೂ ಮೊದಲಿನಂತೆ ತಿಳಿಯುತ್ತಿಲ್ಲವಾದರೆ ಗಿಡವನ್ನು ಬಿಟ್ಟು ವೈದ್ಯರಿಗೆ ತೋರಿಸಿ.

ಸಂಜೆ ಮಾತ್ರ ಬಿಡುವು ಇರುವವರಿಗೆ ನಾನು ಹೇಳುವ ಉಪಾಯ ಇದು. ಬೆಳಿಗ್ಗೆ ಬಿಸಿಲೇರುವ ಮೊದಲು, ಹೊರಗಿನ ಒಂದೆರಡು ಎಸಳು ಬಿಚ್ಚಿದ ಹೂವನ್ನು ಕತ್ತರಿಸಿ, ಮನೆಯ ತಂಪು ಮೂಲೆಯಲ್ಲಿ, ಫ್ಯಾನಿನ ಗಾಳಿ ತಾಗದ ಕಡೆ ನೀರಿನಲ್ಲಿಡಿ. ಸಂಜೆಗೆ ಅದು ಅರೆಬಿರಿದು, ಕೋಣೆ ಬೆಚ್ಚಗಾದಂತೆ ನಿಮ್ಮ ಪಾಲಿನ ಪರಿಮಳ ನಿಮಗೆ ಸಿಗುತ್ತದೆ. ಗಿಡದ ಮೇಲೇ ಉಳಿದಿದ್ದರೆ ಅದನ್ನು ಮಧ್ಯಾಹ್ನದ ಬಿಸಿಲು ತಿಂದಿರುತ್ತಿತ್ತು.

ಈಗ ಗಿಡದ ಸ್ಥಿತಿಗೆ ಬರುತ್ತೇನೆ. ಪರಿಮಳದ ವಸ್ತುಗಳು ಇಂಗಾಲದಿಂದ ಕಟ್ಟಿದವು, ಇಂಗಾಲ ಬರುವುದು ಎಲೆಯ ಅಡುಗೆಯಿಂದ. ಕೆಳಗಿನ ಎಲೆಗಳೆಲ್ಲ ಉದುರಿ ತುದಿಯಲ್ಲಿ ನಾಲ್ಕೆಲೆ ಉಳಿಸಿಕೊಂಡ ಗಿಡ ಮೊದಲು ಜೀವ ಹಿಡಿದುಕೊಳ್ಳಲು ನೋಡುತ್ತದೆ. ತೆಳು ಬಣ್ಣ, ಕುಂದಿದ ಘಮ ಎರಡೂ ಒಂದೇ ಬಡತನದ ಲಕ್ಷಣ. ಬಣ್ಣ ತೆಳುವಾಗಲು ಸೆಕೆಯೂ ಕಾರಣ; ಕೆಂಪು ಕೊಡುವ ಆಂಥೋಸಯನಿನ್ ಬಿಸಿಯಲ್ಲಿ ಕಡಿಮೆ ತಯಾರಾಗುತ್ತದೆ, ತಂಪಿನಲ್ಲಿ ತಾನೇ ಗಾಢವಾಗುತ್ತದೆ. ಅದಕ್ಕಾಗಿ ಏನೂ ಮಾಡಬೇಕಿಲ್ಲ.

ಎಲೆ ಉದುರಿಸಿದ್ದು ಕಪ್ಪು ಚುಕ್ಕೆ ರೋಗ. ಡಿಪ್ಲೊಕಾರ್ಪಾನ್ ಎಂಬ ಶಿಲೀಂಧ್ರ. ಅದರ ಬೀಜಕಣ ಮೊಳೆತು ಎಲೆಯೊಳಗೆ ಇಳಿಯಬೇಕಾದರೆ ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿಯೇ ಇರಬೇಕು. ಸಂಜೆ ಹೊತ್ತು ಕೊಳವೆ ಹಿಡಿದು ಗಿಡದ ತಲೆಯ ಮೇಲೆ ನೀರು ಸುರಿಯುವವರು ತಾವೇ ಅದಕ್ಕೆ ಇಡೀ ರಾತ್ರಿಯ ಆತಿಥ್ಯ ಕೊಟ್ಟಂತೆ. ನೀವು ಸಂಜೆ ಮನೆಗೆ ಬರುವವರಾದ್ದರಿಂದ ನೀರನ್ನೂ ಆಗಲೇ ಹಾಕುತ್ತೀರಿ ಎಂದು ನನ್ನ ಊಹೆ. ಬೆಳಿಗ್ಗೆ ಹಾಕಿ, ಬುಡಕ್ಕೆ ಮಾತ್ರ. ಬಿದ್ದ ಎಲೆಗಳನ್ನು ಕುಂಡದಿಂದ ಆರಿಸಿ ತೆಗೆಯಿರಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಮಣ್ಣಿನ ಮೇಲೆ ಒಣಗಿದ ಸೊಪ್ಪಿನ ಹೊದಿಕೆ ಹಾಕಿದರೆ ನೀರಿನೊಂದಿಗೆ ಬೀಜಕಣ ಸಿಡಿಯುವುದು ತಪ್ಪುತ್ತದೆ. ಟಿಫನಿ ಬಿಸಿ, ಒಣ ಹವೆಯನ್ನು ಚೆನ್ನಾಗಿ ತಾಳುವ ಗಿಡ. ತೇವ ಹೆಚ್ಚಿದಾಗ ಈ ರೋಗಕ್ಕೆ ಬೇಗ ಸಿಕ್ಕಿಬೀಳುತ್ತದೆ. ಅದರ ದೌರ್ಬಲ್ಯ ಅದು, ಮುಚ್ಚಿಟ್ಟು ಪ್ರಯೋಜನವಿಲ್ಲ.

ಎಸಳಿನ ಕಂದು ಅಂಚಿಗೆ ಮದ್ದು ಹುಡುಕುವ ಮೊದಲು ಒಂದು ಪರೀಕ್ಷೆ ಮಾಡಿ. ಅರೆಬಿರಿದ ಹೂವೊಂದನ್ನು ಬಿಳಿ ಕಾಗದದ ಮೇಲೆ ಬಗ್ಗಿಸಿ ದಂಟಿಗೆ ಬೆರಳಿನಿಂದ ನಾಲ್ಕು ಏಟು ತಟ್ಟಿ. ಒಂದೆರಡು ಮಿಲಿಮೀಟರ್ ಉದ್ದದ, ಗೆರೆಯ ತುಂಡಿನಂಥ ಹುಳಗಳು ಕಾಗದದ ಮೇಲೆ ಓಡಾಡಿದರೆ ಅವು ಥ್ರಿಪ್ಸ್ ನುಸಿ. ತಿಳಿಬಣ್ಣದ ಹೂವೆಂದರೆ ಅವುಗಳಿಗೆ ಪ್ರೀತಿ. ಮೊಗ್ಗಿನೊಳಗೆ ಕೂತು ಎಸಳನ್ನು ಕೆರೆದು ರಸ ಹೀರುವುದರಿಂದ ಹೊರಗಿನಿಂದ ಸಿಂಪಡಿಸಿದ ಮದ್ದು ಅವುಗಳನ್ನು ಮುಟ್ಟುವುದಿಲ್ಲ. ಬಾಡಿದ ಹೂ, ಕೆಟ್ಟ ಮೊಗ್ಗುಗಳನ್ನು ತೆಗೆದು ಚೀಲದಲ್ಲಿ ಕಟ್ಟಿ ಎಸೆಯುವುದೇ ಮೊದಲ ಚಿಕಿತ್ಸೆ. ಕಾಗದದ ಮೇಲೆ ಏನೂ ಓಡಾಡದಿದ್ದರೆ ಅಂಚು ಸುಟ್ಟದ್ದು ಬಿಸಿಗಾಳಿ ಅಥವಾ ನೀರಿನ ಕೊರತೆಯಿಂದ. ಅದು ನನ್ನನ್ನು ಕುಂಡದತ್ತ ಕರೆದೊಯ್ಯುತ್ತದೆ.

ನನಗೆ ಹೆಚ್ಚು ಅನುಮಾನವಿರುವುದು ಆ ಕುಂಡದ ಮೇಲೆಯೇ. ಮೂರು ವರ್ಷ ಒಂದೇ ಕುಂಡ, ಒಂದೇ ಮಣ್ಣು ಎಂದು ನಿಮ್ಮ ಮಾತಿನಿಂದ ತಿಳಿಯುತ್ತದೆ. ಭುಜದೆತ್ತರದ ಗಿಡದ ಬೇರು ಈಗ ಕುಂಡದ ಗೋಡೆಗೆ ಸುತ್ತುಹಾಕಿ ಚಾಪೆ ನೇಯ್ದಿರುತ್ತದೆ. ನೀರು ಹಾಕಿದ ಮರುಕ್ಷಣವೇ ಕೆಳಗಿನ ತೂತಿನಿಂದ ಹರಿದುಹೋಗುತ್ತದೆಯೇ? ಅಂಚಿನಲ್ಲಿ ಬಿಳಿಯ ಉಪ್ಪಿನ ಪದರ ಕಟ್ಟಿದೆಯೇ? ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿವೆಯೇ? ಮೊದಲನೆಯದು ಬೇರು ಇಕ್ಕಟ್ಟಾಗಿದೆ ಎನ್ನುತ್ತದೆ, ಎರಡನೆಯದು ಗೊಬ್ಬರ ಅಥವಾ ಗಡಸು ನೀರಿನ ಲವಣ ಸೇರಿದೆ ಎನ್ನುತ್ತದೆ. ಮೂರನೆಯದು ಮಣ್ಣು ಕ್ಷಾರಕ್ಕೆ ತಿರುಗಿ ಕಬ್ಬಿಣದ ಅಂಶ ಗಿಡಕ್ಕೆ ಸಿಗುತ್ತಿಲ್ಲ ಎನ್ನುತ್ತದೆ. ಗುಲಾಬಿಗೆ ಹಿತವಾದ ರಸಸಾರ 6ರಿಂದ 6.5ರ ಆಸುಪಾಸು. ಮೂರರಲ್ಲಿ ಎರಡಕ್ಕೆ ಹೌದು ಎಂದಾದರೆ ಮಣ್ಣು ಬದಲಿಸದೆ ಮಾಡಿದ ಉಳಿದೆಲ್ಲ ಉಪಚಾರವೂ ನೀರಿನಲ್ಲಿ ಮಾಡಿದ ಹೋಮ.

ಹಾಗಾದರೆ ಏನು ಮಾಡಬಹುದು? ಬುಡದವರೆಗೆ ಕತ್ತರಿಸುವುದು ಈಗ ಬೇಡ. ಆರೋಗ್ಯವಾದ ಹೈಬ್ರಿಡ್ ಟೀ ಗಿಡಕ್ಕೆ ಗಡುಸಾದ ಚಾಟನಿ ಒಳ್ಳೆಯದೇ: ಬಲವಾದ ಮೂರ್ನಾಲ್ಕು ಕೊಂಬೆಗಳನ್ನು ಒಂದೂವರೆ ಅಡಿಯಷ್ಟು ಉಳಿಸಿ ಉಳಿದದ್ದನ್ನು ತೆಗೆದರೆ ಬುಡದಿಂದ ಹೊಸ ಕೊಂಬೆ ಏಳುತ್ತವೆ. ಆದರೆ ನಿಮ್ಮ ಗಿಡ ಎಲೆ ಕಳೆದುಕೊಂಡು, ಕೊಂಬೆಯಲ್ಲಿ ಕೂಡಿಟ್ಟ ಆಹಾರದಲ್ಲಿ ದಿನ ತಳ್ಳುತ್ತಿದೆ. ಆ ಕೂಡಿಟ್ಟದ್ದನ್ನೇ ಕತ್ತರಿಸಿ ಎಸೆದರೆ ಮತ್ತೆ ಚಿಗುರದೆ ಒಣಗಬಹುದು. ಇಂಥ ಗಿಡಗಳು ಚಾಟನಿಯ ನಂತರ ಕೈಕೊಟ್ಟದ್ದನ್ನು ಬೇಕಾದಷ್ಟು ಸಲ ನೋಡಿದ್ದೇನೆ.

ಈಗ ಮಾಡಬೇಕಾದದ್ದು ಹಗುರವಾದ ಚಾಟನಿ. ಎತ್ತರದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಒಣ ಕಡ್ಡಿ, ಪೆನ್ಸಿಲಿಗಿಂತ ಸಣ್ಣ ಕಡ್ಡಿ, ಒಂದಕ್ಕೊಂದು ಉಜ್ಜುವ ಕೊಂಬೆ ಹೋಗಲಿ. ಹೊರಮುಖದ ಕಣ್ಣಿನ ಮೇಲೆ ಕತ್ತರಿಸಿದರೆ ಗಿಡದ ನಡು ತೆರೆದು ಗಾಳಿಯಾಡುತ್ತದೆ. ಕೋನ ಅಳೆದು ಓರೆಯಾಗಿಯೇ ಕತ್ತರಿಸಬೇಕೆಂಬ ಹಟ ಬೇಡ, ಕತ್ತರಿ ಹರಿತವಾಗಿರಲಿ. ಬಾಡಿದ ಹೂ ತೆಗೆಯುವಾಗಲೂ ಸದ್ಯಕ್ಕೆ ತಲೆಯನ್ನು ಮಾತ್ರ ಚಿವುಟಿ. ಐದೆಲೆಯವರೆಗೆ ಇಳಿಸಿ ಕತ್ತರಿಸುವ ರೂಢಿಯನ್ನು ಗಿಡ ಮೈತುಂಬಿಕೊಳ್ಳುವವರೆಗೆ ಬದಿಗಿಡಿ. ಇದಕ್ಕೆ ಒಂದೆಲೆಯೂ ದುಬಾರಿ.

ಗಡುಸಾದ ಚಾಟನಿಯನ್ನು ಸರಿಯಾದ ಕಾಲಕ್ಕೆ ಕಾದಿಡಿ. ಹಿಮ ಬೀಳುವ ಪ್ರದೇಶವಾದರೆ ಹಿಮದ ಭಯ ಕಳೆದು ಕಣ್ಣುಗಳು ಉಬ್ಬುವಾಗ. ಹಿಮವಿಲ್ಲದ ಕಡೆ ಮಳೆ ನಿಂತು ತಂಪು ದಿನಗಳು ಆರಂಭವಾಗುವಾಗ. ಕುಂಡ ಬದಲಿಸುವುದನ್ನೂ ಆಗಲೇ ಮಾಡಿದರೆ ಅಪಾಯ ಕಡಿಮೆ. ಕನಿಷ್ಠ 45 ಸೆಂಟಿಮೀಟರ್ ಆಳದ ಕುಂಡ ತೆಗೆದುಕೊಳ್ಳಿ. ಸುತ್ತಿಕೊಂಡ ಹೊರಬೇರುಗಳನ್ನು ಸ್ವಲ್ಪ ಕತ್ತರಿಸಿ ಬಿಡಿಸಿ, ಮೂರನೇ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಬೆರೆಸಿದ ಹೊಸ ಮಣ್ಣಿಗೆ ಕೂರಿಸಿ. ಬೇರು ಕದಲಿದ ಮೇಲೆ ಎರಡು ವಾರ ಗಿಡ ಮುನಿಸಿಕೊಳ್ಳುತ್ತದೆ, ಒಂದೆರಡು ಎಲೆ ಹಳದಿಯಾಗುತ್ತದೆ. ಗಾಬರಿಯಾಗಿ ಗೊಬ್ಬರ ಸುರಿಯಬೇಡಿ. ಬಿರುಬೇಸಗೆಯಲ್ಲಿ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ. ಸರಿಯಾದ ಕಾಲದವರೆಗೆ ಕಾಯಲೇಬೇಕಾದರೆ ಕುಂಡದ ಮೇಲಿನ ಮೂರು ಬೆರಳು ಮಣ್ಣು ಕೆರೆದು ತೆಗೆದು ಎರೆಗೊಬ್ಬರ ತುಂಬಿ, ಲವಣ ತೊಳೆದುಹೋಗುವಂತೆ ಒಮ್ಮೆ ಧಾರಾಳವಾಗಿ ನೀರು ಹಾಯಿಸಿ. ಪೂರ್ಣ ಚಿಕಿತ್ಸೆಯಲ್ಲ, ಆದರೆ ಗಿಡ ಉಸಿರು ಹಿಡಿದುಕೊಳ್ಳುತ್ತದೆ.

ನೆಲದಲ್ಲಿ ಜಾಗವಿದ್ದರೆ ನಾನಂತೂ ನೆಲಕ್ಕೇ ಇಳಿಸುತ್ತಿದ್ದೆ. ಟಿಫನಿ ಎತ್ತರಕ್ಕೆ, ನೆಟ್ಟಗೆ ಬೆಳೆಯುವ ಜಾತಿ. 'ಕೋಲಿನ ಹಾಗೆ' ಎಂದು ನೀವು ದೂರಿದ್ದರಲ್ಲಿ ಅರ್ಧ ಅದರ ಸ್ವಭಾವ. ಅದನ್ನು ಮುಂದೆ ನಿಲ್ಲಿಸಿ ಕಾಲು ಕಾಣಿಸುವ ಬದಲು ಹಿಂದಿನ ಸಾಲಿನಲ್ಲಿಟ್ಟು ಮುಂದೆ ಗಿಡ್ಡ ಗಿಡಗಳನ್ನು ನೆಟ್ಟರೆ ನೋಟಕ್ಕೂ ಚೆಂದ. ದಿನಕ್ಕೆ ಆರು ಗಂಟೆ ಬಿಸಿಲು, ಅದರಲ್ಲೂ ಬೆಳಗಿನದು, ಬೀಳಬೇಕು. ಬೆಳಕು ಸಾಲದಿದ್ದರೆ ತುದಿಯಲ್ಲಿ ಮೊಗ್ಗೇ ಇಲ್ಲದ ಕುರುಡು ಚಿಗುರುಗಳು ಬರುತ್ತವೆ.

ಮದ್ದಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕಪ್ಪು ಚುಕ್ಕೆಗೆ ಶಿಲೀಂಧ್ರನಾಶಕ ಹೊಸ ಎಲೆಯನ್ನು ಕಾಪಾಡುತ್ತದೆ, ಚುಕ್ಕೆ ಬಿದ್ದ ಎಲೆಯನ್ನು ಹಸಿರು ಮಾಡುವುದಿಲ್ಲ. ಗಂಧಕವನ್ನಾಗಲಿ ಬೇವಿನೆಣ್ಣೆಯನ್ನಾಗಲಿ ಉಷ್ಣತೆ 32 ಡಿಗ್ರಿ ದಾಟುವ ದಿನ ಸಿಂಪಡಿಸಿದರೆ ಎಲೆ ಸುಡುತ್ತದೆ. ಇವೆರಡರ ನಡುವೆ ಕನಿಷ್ಠ ಎರಡು ವಾರದ ಅಂತರವಿರಲಿ. ಥ್ರಿಪ್ಸ್‌ಗೆಂದು ಗಿಡದ ಮೈಯೆಲ್ಲ ಹರಡುವ ಕೀಟನಾಶಕ ಬಳಸಿದರೆ ಅದು ಪರಾಗಕ್ಕೂ ಇಳಿಯುತ್ತದೆ, ಜೇನುನೊಣಕ್ಕೆ ವಿಷವಾಗುತ್ತದೆ. ಪರಿಮಳದ ಒಂದು ಗಿಡಕ್ಕಾಗಿ ಅಷ್ಟು ದೂರ ಹೋಗಲು ನಾನು ಹೇಳುವುದಿಲ್ಲ. ಬೇವಿನೆಣ್ಣೆ ಹೊಡೆದ ಮರುದಿನ ಹೂ ಮೂಸಿ 'ಪರಿಮಳ ಕೆಟ್ಟಿದೆ' ಎಂದು ನನಗೆ ದೂರು ತಂದವರೂ ಇದ್ದಾರೆ ಎಂಬುದನ್ನು ಹೇಳದಿದ್ದರೆ ತಪ್ಪಾದೀತು. ಗೊಬ್ಬರದಲ್ಲಿ ಸಾರಜನಕ ಹೆಚ್ಚಾದರೆ ಮೆತ್ತನೆಯ ಸೊಕ್ಕಿನ ಚಿಗುರು ಬಂದು ಗಿಡಹೇನಿಗೆ ಹಬ್ಬವಾಗುತ್ತದೆ. ಪರಿಮಳ ಹೆಚ್ಚಿಸುವ ಗೊಬ್ಬರ ಎಂದು ಪೊಟ್ಟಣದ ಮೇಲೆ ಬರೆದದ್ದನ್ನು ಕಂಡರೆ ಮುಂದೆ ನಡೆಯಿರಿ.

ಕೊನೆಯ ದಾರಿ ಗಿಡವನ್ನೇ ಬದಲಿಸುವುದು. ಕಸಿ ಗಂಟೇ ಕೊಳೆತು ಮೆತ್ತಗಾಗಿದ್ದರೆ ಅಥವಾ ನಿಮ್ಮ ಜಾಗದಲ್ಲಿ ಎಲೆ ಒಣಗುವಷ್ಟು ಬಿಸಿಲೂ ಗಾಳಿಯೂ ಎಂದಿಗೂ ಬರುವಂತಿಲ್ಲವಾದರೆ ಮಾತ್ರ ಆ ಯೋಚನೆ ಮಾಡಿ. ಈಚಿನ ತಳಿಗಳಲ್ಲಿ ಕೋರ್ಡೆಸ್ ಅವರ 'ಬೆವರ್ಲಿ' ನಸುಗೆಂಪು, ಗಾಢ ಪರಿಮಳ, ರೋಗ ತಡೆಯುವುದರಲ್ಲಿ ಟಿಫನಿಗಿಂತ ಗಟ್ಟಿ. ಪರಿಮಳದ ಬಗೆ ಬೇರೆ. ಮೂಸಿ ನೋಡಿ ಒಪ್ಪಿದರೆ ತನ್ನಿ. ಹಳೆಯ ಗುಲಾಬಿ ಕಿತ್ತ ಮಣ್ಣಿನಲ್ಲೇ ಹೊಸ ಗುಲಾಬಿ ನೆಡಬೇಡಿ. ಅಂಥ ಮಣ್ಣಿನಲ್ಲಿ ಹೊಸ ಬೇರು ಏಳಿಗೆಯಾಗದೆ ಗಿಡ ಕುಂಟುತ್ತದೆ. ಕುಂಡದ ಅಷ್ಟೂ ಮಣ್ಣು ಬದಲಾಗಬೇಕು.

ಆದರೆ ಆ ತೀರ್ಮಾನಕ್ಕೆ ಅವಸರ ಬೇಡ. ಹಗುರ ಚಾಟನಿಯಾದ ಮೇಲೆ ಆರರಿಂದ ಎಂಟು ವಾರಕ್ಕೆ ಒಂದು ಸುತ್ತು ಹೂ ಬರುತ್ತದೆ. ಆ ಮೊದಲ ಸುತ್ತಿನ ಮೊಗ್ಗುಗಳನ್ನು ಕಡಲೆಕಾಳಿನಷ್ಟಿರುವಾಗಲೇ ಚಿವುಟಿಬಿಡಿ. ಕೈ ನಡುಗುತ್ತದೆ, ಆದರೂ ಚಿವುಟಿ. ಎಲೆ ಕಟ್ಟಲು ಗಿಡಕ್ಕೆ ಅಷ್ಟು ಬಿಡುವು ಸಿಗುತ್ತದೆ. ಎರಡನೆಯ ಸುತ್ತಿನ ಹೂ ಅರೆಬಿರಿದ ದಿನ, ರಜೆಯ ಬೆಳಿಗ್ಗೆ ಒಂಬತ್ತರ ಸುಮಾರಿಗೆ, ನೀವೂ ಅತ್ತೆಯವರೂ ಒಟ್ಟಿಗೆ ಮೂಸಿ ನೋಡಿ. ಆಗಲೂ ನಿಮಗೆ ಸಪ್ಪೆಯೆನಿಸಿದರೆ ಮತ್ತೆ ಬರೆಯಿರಿ. ಬುಡದ ಗಂಟಿನ ಮತ್ತು ಎಲೆಯ ಚಿತ್ರಗಳನ್ನೂ ಜೊತೆಗೆ ಕಳುಹಿಸಿ.